ಫಾಸ್ಟ್ ಆ್ಯಂಡ್ ಫ್ಯೂರಿಯಸ್ ಸರಣಿಯನ್ನು ಮೊದಲಿನಿಂದ ನೋಡುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಕಾರು ರೇಸುಗಳಿಂದ ಹುಟ್ಟಿದ ಈ ಹಾಲಿವುಡ್ ಸರಣಿಯ 2001ರ ಮೊದಲ ಚಿತ್ರದಲ್ಲಿ ಕಳ್ಳರು ಕದಿಯುವುದು ಲಾರಿಗಟ್ಟಲೆ ಡಿವಿಡಿ ಪ್ಲೇಯರ್‌ಗಳನ್ನು. ಇಪ್ಪತ್ತು ವರ್ಷಗಳ ನಂತರ ಬಂದ ಒಂಬತ್ತನೇ ಚಿತ್ರದಲ್ಲಿ ಅದೇ ಬಳಗಕ್ಕೆ ಸೇರಿದ ಇಬ್ಬರು ಹಳೆಯ ಪಾಂಟಿಯಾಕ್ ಕಾರಿಗೆ ರಾಕೆಟ್ ಕಟ್ಟಿಕೊಂಡು ಬಾಹ್ಯಾಕಾಶಕ್ಕೆ ಹೋಗುತ್ತಾರೆ. ಈ ನಡುವೆ ಏನೇನಾಯಿತು, ಯಾವುದನ್ನು ಯಾವಾಗ ನೋಡಬೇಕು, ಎಲ್ಲಿ ಕಣ್ಣಿಡಬೇಕು, ಎಲ್ಲಿ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರೂ ನಷ್ಟವಿಲ್ಲ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಕಥೆಯ ತಿರುವುಗಳನ್ನು ಮುಚ್ಚಿಟ್ಟು ಈ ಸರಣಿಯ ಬಗ್ಗೆ ಬರೆಯಲು ಸಾಧ್ಯವಿಲ್ಲ. ಯಾರು ಸಾಯುತ್ತಾರೆ, ಯಾರು ಸತ್ತೂ ಬದುಕಿ ಬರುತ್ತಾರೆ ಎಂಬುದೆಲ್ಲ ಕೆಳಗಿದೆ. ಅದು ಬೇಡವೆನ್ನುವವರು ಮೊದಲ ಹಂತದಲ್ಲಿ ಹೇಳಿರುವ ಕ್ರಮವನ್ನಷ್ಟೇ ಓದಿ ನಿಲ್ಲಿಸಬಹುದು.

ಹೊರಡುವ ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಈ ಸರಣಿಗೆ ಮೊದಲಿನಿಂದ ಯಾವ ನೀಲನಕ್ಷೆಯೂ ಇರಲಿಲ್ಲ. ನಾಯಕ ಬಿಟ್ಟು ಹೋದ, ಚಿತ್ರ ಸೋತಿತು, ಸತ್ತ ಪಾತ್ರ ಜನಪ್ರಿಯವಾಯಿತು, ನಟನೊಬ್ಬ ನಿಜವಾಗಿಯೇ ತೀರಿಕೊಂಡ. ಪ್ರತಿ ಸಲವೂ ಹಿಂದಿನ ಚಿತ್ರದ ಒಂದು ದೃಶ್ಯವನ್ನು ಬಿಚ್ಚಿ, ಅದರೊಳಗೆ ಹೊಸ ತುಂಡು ಸೇರಿಸಿ, ಮತ್ತೆ ಹೊಲಿದಿದ್ದಾರೆ. ಕೌದಿ ಹೊಲಿದ ಹಾಗೆ. ಆ ತೇಪೆಗಳನ್ನು ಗುರುತಿಸುತ್ತಾ ಹೋಗುವುದೇ ಈ ಸರಣಿಯ ದೊಡ್ಡ ಮಜಾ ಎಂಬುದು ನನ್ನ ನಂಬಿಕೆ, ಕೆಳಗಿನ ಹಂತಗಳೆಲ್ಲ ಅದರ ಮೇಲೆಯೇ ನಿಂತಿವೆ.

ಹಂತ 1: ಯಾವ ಕ್ರಮದಲ್ಲಿ ನೋಡಬೇಕೆಂದು ತೀರ್ಮಾನಿಸಿ

ಎರಡು ಕ್ರಮಗಳು ಚಾಲ್ತಿಯಲ್ಲಿವೆ. ಒಂದು ಬಿಡುಗಡೆಯಾದ ಕ್ರಮ: ದಿ ಫಾಸ್ಟ್ ಆ್ಯಂಡ್ ದಿ ಫ್ಯೂರಿಯಸ್ (2001), 2 ಫಾಸ್ಟ್ 2 ಫ್ಯೂರಿಯಸ್ (2003), ಟೋಕಿಯೊ ಡ್ರಿಫ್ಟ್ (2006), ಫಾಸ್ಟ್ ಆ್ಯಂಡ್ ಫ್ಯೂರಿಯಸ್ (2009), ಫಾಸ್ಟ್ ಫೈವ್ (2011), ಫಾಸ್ಟ್ ಆ್ಯಂಡ್ ಫ್ಯೂರಿಯಸ್ 6 (2013), ಫ್ಯೂರಿಯಸ್ 7 (2015), ದಿ ಫೇಟ್ ಆಫ್ ದಿ ಫ್ಯೂರಿಯಸ್ (2017), ಉಪಕಥೆಯಾದ ಹಾಬ್ಸ್ ಆ್ಯಂಡ್ ಶಾ (2019), ಎಫ್9 (2021), ಫಾಸ್ಟ್ ಎಕ್ಸ್ (2023). ಹೆಸರಿಡುವುದರಲ್ಲೂ ಒಂದು ಪದ್ಧತಿ ಇಲ್ಲದಿರುವುದನ್ನು ಗಮನಿಸಿ.

ಇನ್ನೊಂದು ಕಥೆಯ ಕಾಲಕ್ರಮ. ಇದರಲ್ಲಿ ಟೋಕಿಯೊ ಡ್ರಿಫ್ಟ್ ಮೂರನೇ ಜಾಗ ಬಿಟ್ಟು ಆರನೆಯ ಚಿತ್ರದ ನಂತರಕ್ಕೆ ಹೋಗುತ್ತದೆ. ಅಂದರೆ 1, 2, 4, 5, 6, 3, 7 ಹೀಗೆ.

ಅನೇಕ ಅಭಿಮಾನಿಗಳು ಎರಡನೆಯದನ್ನೇ ಶಿಫಾರಸು ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಕಾಲಕ್ರಮದಲ್ಲಿ ನೋಡಿದರೆ ಕಥೆ ನೆಟ್ಟಗೆ ಕಾಣುತ್ತದೆ ನಿಜ, ಆದರೆ ಅದು ಮೊದಲೇ ಹಾಗೆ ಯೋಚಿಸಿ ಮಾಡಿದ್ದು ಎಂಬ ಸುಳ್ಳು ಭಾವನೆ ಮೂಡುತ್ತದೆ. ಅಲ್ಲದೆ 2013ರ ಚಿತ್ರ ಮುಗಿಸಿ 2006ರದ್ದಕ್ಕೆ ಹೋದಾಗ ಎಲ್ಲರ ಕೈಯಲ್ಲೂ ಮಡಚುವ ಹಳೆಯ ಫೋನುಗಳು ಪ್ರತ್ಯಕ್ಷವಾಗುತ್ತವೆ. ಮೊದಲ ಸಲ ಬಿಡುಗಡೆಯಾದ ಕ್ರಮದಲ್ಲೇ ನೋಡಿ. ಎರಡನೆಯ ಸಲ ನೋಡುವಷ್ಟು ಪ್ರೀತಿ ಹುಟ್ಟಿದರೆ ಆಗ ಕಾಲಕ್ರಮ ಇದ್ದೇ ಇದೆ.

ನಾಲ್ಕು ದೃಶ್ಯಗಳಿಗೆ ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳಿ. ಮೊದಲ ಚಿತ್ರದಲ್ಲಿ ಕಥಾನಾಯಕ ಡಾಮ್ ತನ್ನ ತಂದೆಯ ಸಾವಿನ ಬಗ್ಗೆ ಹೇಳುವ ಗ್ಯಾರೇಜಿನ ದೃಶ್ಯ, ಮೂರನೆಯದರಲ್ಲಿ ಹಾನ್ ಎಂಬ ಪಾತ್ರದ ಕಾರು ಉರುಳುವ ದೃಶ್ಯ, ನಾಲ್ಕನೆಯದರಲ್ಲಿ ಡಾಮ್‌ನ ಪ್ರೇಯಸಿ ಲೆಟ್ಟಿ ಸತ್ತಳೆಂಬ ಸುದ್ದಿ, ಐದನೆಯದರ ತಿಜೋರಿ ದರೋಡೆ. ಈ ನಾಲ್ಕನ್ನೂ ಮುಂದೆ ಬಿಚ್ಚುತ್ತಾರೆ.

ಹಂತ 2: ಮೊದಲ ಚಿತ್ರವನ್ನು ನಿಧಾನವಾಗಿ ನೋಡಿ

ನ್ಯೂಯಾರ್ಕಿನ ಬೀದಿ ರೇಸುಗಳ ಬಗ್ಗೆ ಪತ್ರಕರ್ತ ಕೆನ್ ಲಿ 1998ರಲ್ಲಿ ವೈಬ್ ಪತ್ರಿಕೆಗೆ ಬರೆದ ಲೇಖನ ಈ ಚಿತ್ರದ ಬೀಜ. ನಿರ್ದೇಶಕ ರಾಬ್ ಕೋಹೆನ್ ಕಥೆಯನ್ನು ಲಾಸ್ ಏಂಜಲೀಸ್‌ಗೆ ತಂದರು. ಶೀರ್ಷಿಕೆಯಂತೂ 1950ರ ದಶಕದಲ್ಲಿ ರೋಜರ್ ಕಾರ್ಮನ್ ನಿರ್ಮಿಸಿದ್ದ ಬೇರೊಂದು ಚಿತ್ರದ್ದು. ಅದರ ಹಕ್ಕು ಪಡೆದು ಬಳಸಿಕೊಂಡರು. ವೆಚ್ಚ ಸುಮಾರು 3.8 ಕೋಟಿ ಡಾಲರ್, ಜಗತ್ತಿನಾದ್ಯಂತ ಗಳಿಕೆ 20 ಕೋಟಿ ದಾಟಿತು.

ಕಥೆ ಸರಳ. ಲಾರಿ ದರೋಡೆಕೋರರನ್ನು ಹಿಡಿಯಲು ಬ್ರಯನ್ ಓಕಾನರ್ (ಪಾಲ್ ವಾಕರ್) ಎಂಬ ಪೊಲೀಸ್ ವೇಷ ಮರೆಸಿಕೊಂಡು ಡಾಮಿನಿಕ್ ಟೊರೆಟೊ (ವಿನ್ ಡೀಸೆಲ್) ಬಳಗ ಸೇರುತ್ತಾನೆ. ಡಾಮ್‌ನ ತಂಗಿ ಮಿಯಾಳನ್ನು (ಜೋರ್ಡಾನಾ ಬ್ರೂಸ್ಟರ್) ಪ್ರೀತಿಸುತ್ತಾನೆ, ಕೊನೆಗೆ ಕರ್ತವ್ಯ ಮರೆತು ಡಾಮ್‌ನನ್ನು ಬಿಟ್ಟು ಕಳುಹಿಸುತ್ತಾನೆ. ಡಾಮ್‌ನ ಪ್ರೇಯಸಿ ಲೆಟ್ಟಿಯಾಗಿ ಮಿಶೆಲ್ ರಾಡ್ರಿಗೆಸ್. ಒಂದು ಸ್ವಾರಸ್ಯವೆಂದರೆ ಕಾರುಗಳ ಈ ಚಿತ್ರ ಶುರುವಾಗುವ ಮೊದಲು ಬ್ರೂಸ್ಟರ್, ರಾಡ್ರಿಗೆಸ್ ಇಬ್ಬರ ಬಳಿಯೂ ಚಾಲನಾ ಪರವಾನಗಿಯೇ ಇರಲಿಲ್ಲ.

ಕಾರುಗಳನ್ನು ಗಮನಿಸಿ. ಲಾರಿಯನ್ನು ಮುತ್ತುವುದು ಹೊಟ್ಟೆಯ ಕೆಳಗೆ ಹಸಿರು ನಿಯಾನ್ ಬೆಳಕಿನ ಕಪ್ಪು ಹೋಂಡಾ ಸಿವಿಕ್‌ಗಳು. ಬ್ರಯನ್‌ನದು ಹಸಿರು ಮಿತ್ಸುಬಿಷಿ ಎಕ್ಲಿಪ್ಸ್, ನಂತರ ಕಿತ್ತಳೆ ಬಣ್ಣದ ಟೊಯೋಟಾ ಸುಪ್ರಾ. ಡಾಮ್‌ನದು ಕೆಂಪು ಮಾಜ್ಡಾ ಆರ್‌ಎಕ್ಸ್-7. ಬಹುಪಾಲು ಜಪಾನಿನ ಕಾರುಗಳು. ಕೋಟ್ಯಧಿಪತಿಗಳ ಆಟಿಕೆಗಳಲ್ಲ, ಸಂಬಳದ ಕೆಲಸ ಮಾಡುವ ಹುಡುಗರು ಸಾಲ ಮಾಡಿ ಬಿಡಿಭಾಗ ಕೊಂಡು ತಾವೇ ಮಾರ್ಪಡಿಸಿಕೊಳ್ಳುತ್ತಿದ್ದ ವಾಹನಗಳು. ಆ ಸುಪ್ರಾ ಚಿತ್ರದ ತಾಂತ್ರಿಕ ಸಲಹೆಗಾರ ಕ್ರೇಗ್ ಲೀಬರ್‌ಮನ್ ಅವರ ಸ್ವಂತ ಕಾರು. ಹಳದಿಯಿದ್ದದ್ದಕ್ಕೆ ಚಿತ್ರಕ್ಕಾಗಿ ಕಿತ್ತಳೆ ಬಣ್ಣ ಬಳಿದರು. ಚಿತ್ರೀಕರಣದಲ್ಲಿ ಬಳಸಿದ ಇಂಥದೇ ಒಂದು ಸುಪ್ರಾ 2021ರ ಹರಾಜಿನಲ್ಲಿ 5.5 ಲಕ್ಷ ಡಾಲರಿಗೆ ಹೋಯಿತು.

ಮೊದಲ ರೇಸಿನ ದೃಶ್ಯವನ್ನು ಒಮ್ಮೆ ಓಡಲು ಬಿಟ್ಟು, ಆಮೇಲೆ ಹಿಂದಕ್ಕೆ ತಂದು ನೋಡಿ. ಓಟದ ದೂರ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್. ಒಳ್ಳೆಯ ಕಾರಿಗೆ ಹತ್ತು ಸೆಕೆಂಡಿನ ಕೆಲಸ. ತೆರೆಯ ಮೇಲೆ ಅದು ಮುಗಿಯುವುದೇ ಇಲ್ಲ. ಗೇರ್ ಬದಲಿಸುವುದನ್ನು ಎಣಿಸಿದರೆ ಪೆಟ್ಟಿಗೆಯಲ್ಲಿರುವ ಗೇರುಗಳಿಗಿಂತ ಹೆಚ್ಚಾಗುತ್ತದೆ. ಎಕ್ಲಿಪ್ಸ್‌ನ ಲ್ಯಾಪ್‌ಟಾಪ್ ಪರದೆಯಲ್ಲಿ ಎಂಜಿನ್ನಿನ ಮ್ಯಾನಿಫೋಲ್ಡ್‌ಗೆ (ಗಾಳಿ ಒಯ್ಯುವ ಕೊಳವೆಗಳ ಜೋಡಣೆಗೆ) ಅಪಾಯ ಎಂದು ಎಚ್ಚರಿಕೆ ಮೂಡಿ, ಮರುಕ್ಷಣ ಕಾರಿನ ನೆಲಹಾಸಿನ ತಗಡು ಕಳಚಿ ರಸ್ತೆಗೆ ಬೀಳುತ್ತದೆ. ಮ್ಯಾನಿಫೋಲ್ಡಿಗೂ ಆ ತಗಡಿಗೂ ಏನು ಸಂಬಂಧ ಎಂದು ಮೆಕ್ಯಾನಿಕ್‌ಗಳು ಇಂದಿಗೂ ನಗುತ್ತಾರೆ. ರೇಸು ಮುಗಿದ ಮೇಲೆ ಡಾಮ್ ಬ್ರಯನ್‌ನನ್ನು ಡಬಲ್ ಕ್ಲಚ್ ಹಾಕಲಿಲ್ಲವೆಂದು, ಅಂದರೆ ಒಂದು ಗೇರ್ ಬದಲಿಸಲು ಎರಡು ಸಲ ಕ್ಲಚ್ ಒತ್ತಲಿಲ್ಲವೆಂದು, ಬೈಯುತ್ತಾನೆ. ಹಳೆಯ ಲಾರಿ ಓಡಿಸಿದ ನಮ್ಮ ಕಡೆಯ ಚಾಲಕರಿಗೆ ಡಬಲ್ ಕ್ಲಚ್ ವಿವರಿಸಬೇಕಿಲ್ಲ. ಗೇರುಗಳ ವೇಗ ತಾನಾಗಿ ಹೊಂದಿಕೊಳ್ಳದ ಪೆಟ್ಟಿಗೆಗೆ ಅದು ಬೇಕಿತ್ತು. ಆ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊಮೆಶ್ ಇರುವ ಕಾರಿನಲ್ಲಿ, ಅದೂ ನೇರ ಓಟದಲ್ಲಿ, ಹಾಗೆ ಮಾಡಿದರೆ ಸಮಯ ಹಾಳು.

ನೈಟ್ರಸ್ ಮಾತ್ರ ಸುಳ್ಳಲ್ಲ. ಚಿತ್ರದಲ್ಲಿ ‘ನಾಸ್’ ಎನ್ನುವುದು ಒಂದು ಕಂಪನಿಯ ಹೆಸರು, ಒಳಗಿರುವುದು ನೈಟ್ರಸ್ ಆಕ್ಸೈಡ್. ಎಂಜಿನ್ನಿನ ಬಿಸಿಗೆ ಅದು ನೈಟ್ರೋಜನ್, ಆಕ್ಸಿಜನ್ ಆಗಿ ಒಡೆಯುತ್ತದೆ. ಗಾಳಿಯಲ್ಲಿ ತೂಕದ ಲೆಕ್ಕದಲ್ಲಿ ಆಕ್ಸಿಜನ್ ಸುಮಾರು ಶೇ 23 ಇದ್ದರೆ ಇದರಲ್ಲಿ ಶೇ 36. ದ್ರವರೂಪದ ನೈಟ್ರಸ್ ಆವಿಯಾಗುವಾಗ ಒಳಬರುವ ಗಾಳಿಯನ್ನೂ ತಣ್ಣಗಾಗಿಸುವುದರಿಂದ ಸಿಲಿಂಡರಿಗೆ ಇನ್ನಷ್ಟು ಗಾಳಿ ಹಿಡಿಯುತ್ತದೆ. ಹೆಚ್ಚು ಆಕ್ಸಿಜನ್ ಇದ್ದರೆ ಹೆಚ್ಚು ಪೆಟ್ರೋಲ್ ಸುಡಬಹುದು, ಶಕ್ತಿ ಜಿಗಿಯುತ್ತದೆ. ಲೆಕ್ಕ ತಪ್ಪಿ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ ಕರಗುತ್ತದೆ. ಗುಂಡಿ ಒತ್ತಿದೊಡನೆ ಊರೆಲ್ಲ ಬೆಳಕಿನ ಗೆರೆಯಾಗಿ ಹಿಂದಕ್ಕೆ ಹರಿಯುವುದಷ್ಟೇ ಸಿನಿಮಾದ್ದು.

ಈಗ ನಿಜವಾಗಿ ನಿಲ್ಲಬೇಕಾದ ಎರಡು ಜಾಗ. ಒಂದು, ಹಿತ್ತಲಿನ ಊಟ. ಮೊದಲು ತಟ್ಟೆಗೆ ಕೈ ಹಾಕಿದವನೇ ಪ್ರಾರ್ಥನೆ ಹೇಳಬೇಕೆಂಬುದು ಡಾಮ್ ಮನೆಯ ನಿಯಮ. ಸಿಕ್ಕಿಬಿದ್ದ ಜೆಸ್ಸಿ ಎಂಬ ಹುಡುಗ ದೇವರಿಗೆ ನೈಟ್ರಸ್ ಇಂಜೆಕ್ಷನ್, ಇಂಟರ್‌ಕೂಲರ್, ಟರ್ಬೊ, ಟೈಟಾನಿಯಂ ಸ್ಪ್ರಿಂಗುಗಳಿಗಾಗಿ ಕೃತಜ್ಞತೆ ಹೇಳುತ್ತಾನೆ. ಮುಂದೆ ಅಂತರ್ಜಾಲದಲ್ಲಿ ಕುಹಕಕ್ಕೆ ಗುರಿಯಾದ ‘ಕುಟುಂಬ’ ಎಂಬ ಮಾತಿನ ಮೂಲ ಈ ಮೇಜು. ಇಲ್ಲಿ ಅದು ಕುಹಕಕ್ಕೆ ಸಿಗದಷ್ಟು ಸಹಜವಾಗಿದೆ.

ಎರಡು, ಗ್ಯಾರೇಜಿನ ದೃಶ್ಯ. 1970ರ ಕಪ್ಪು ಡಾಡ್ಜ್ ಚಾರ್ಜರ್ ಎದುರು ನಿಂತು, ಅಪ್ಪನೊಡನೆ ಕಟ್ಟಿದ ಈ ಕಾರನ್ನು ಓಡಿಸಲು ತನಗೆ ಭಯ ಎನ್ನುತ್ತಾನೆ ಡಾಮ್. ರೇಸಿನಲ್ಲಿ ಅಪ್ಪ ಸತ್ತದ್ದು, ಅದಕ್ಕೆ ಕಾರಣನಾದವನನ್ನು ತಾನು ಬಡಿದದ್ದು, ಜೈಲು. ಅಪ್ಪ, ತಾನು, ತಂಗಿ ಇಷ್ಟೇ ಆ ಮನೆ. ತಮ್ಮನೊಬ್ಬನಿದ್ದಾನೆ ಎಂಬ ಸುಳಿವು ಎಲ್ಲಿಯೂ ಇಲ್ಲ. ಇದು ಮೊದಲ ಗುರುತು.

ಹಂತ 3: ಮಯಾಮಿಯನ್ನು ಬೇಗ ದಾಟಿ, ಟೋಕಿಯೊದಲ್ಲಿ ಉಳಿಯಿರಿ

ಎರಡನೇ ಚಿತ್ರಕ್ಕೆ ವಿನ್ ಡೀಸೆಲ್ ಬರಲಿಲ್ಲ. ನಿರ್ದೇಶಕ ಜಾನ್ ಸಿಂಗಲ್ಟನ್ ಬ್ರಯನ್‌ನನ್ನು ಮಯಾಮಿಗೆ ಕರೆದೊಯ್ದರು. ಬಣ್ಣ ಹೆಚ್ಚು, ಕಥೆ ಕಡಿಮೆ. ರೋಮನ್ (ಟೈರೀಸ್ ಗಿಬ್ಸನ್), ಟೇಜ್ (ಲುಡಾಕ್ರಿಸ್) ಪರಿಚಯವಾಗುವುದು ಇಲ್ಲಿ, ಬೆಳ್ಳಿ ಬಣ್ಣದ ನಿಸಾನ್ ಸ್ಕೈಲೈನ್ ಇರುವುದೂ ಇಲ್ಲಿ. ಅಷ್ಟು ಸಾಕು. ನೋಡುತ್ತಲೇ ಬೇರೆ ಕೆಲಸ ಮಾಡಿಕೊಂಡರೂ ಏನೂ ತಪ್ಪಿಹೋಗುವುದಿಲ್ಲ.

ಟೋಕಿಯೊ ಡ್ರಿಫ್ಟ್ ಬೇರೆಯೇ ಮಾತು. ಹಳೆಯ ನಟರು ಯಾರೂ ಇಲ್ಲ. ಹೊಸ ನಾಯಕ ಶಾನ್ (ಲೂಕಸ್ ಬ್ಲ್ಯಾಕ್), ಹೊಸ ನಿರ್ದೇಶಕ ಜಸ್ಟಿನ್ ಲಿನ್, ಹೊಸ ಲೇಖಕ ಕ್ರಿಸ್ ಮಾರ್ಗನ್. ಗಳಿಕೆ ಸುಮಾರು 15.9 ಕೋಟಿ ಡಾಲರ್, ಇಡೀ ಸರಣಿಯಲ್ಲೇ ಕಡಿಮೆ. ಇಲ್ಲಿಗೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು. ಆದರೆ ಮುಂದಿನ ಮೂರು ಚಿತ್ರಗಳಲ್ಲಿ ಸರಣಿಯನ್ನು ಕಟ್ಟಿದವರು ಇದೇ ಲಿನ್, ಇದೇ ಮಾರ್ಗನ್.

ಕಾರು ಓಡಿಸುವ ಕಲೆಯನ್ನೇ ಕಥೆಯ ಕೇಂದ್ರದಲ್ಲಿಟ್ಟ ಚಿತ್ರ ಈ ಸರಣಿಯಲ್ಲಿ ಇದೊಂದೇ. ಡ್ರಿಫ್ಟ್ ಎಂದರೆ ಹಿಂದಿನ ಚಕ್ರಗಳ ಹಿಡಿತವನ್ನು ಬೇಕೆಂದೇ ತಪ್ಪಿಸಿ, ಕಾರು ಅಡ್ಡಡ್ಡ ಜಾರುತ್ತಿರುವಾಗಲೇ ತಿರುವು ದಾಟುವುದು. ಕೈಬ್ರೇಕ್ ಎಳೆದೋ ಕ್ಲಚ್ಚನ್ನು ಒದ್ದಂತೆ ಬಿಟ್ಟೋ ಹಿಡಿತ ತಪ್ಪಿಸುತ್ತಾರೆ. ಕಾರು ಎಡಕ್ಕೆ ತಿರುಗುತ್ತಿದ್ದರೆ ಸ್ಟಿಯರಿಂಗ್ ಬಲಕ್ಕಿರುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಜಾರು ನಿಲ್ಲುತ್ತದೆ, ಹೆಚ್ಚು ಒತ್ತಿದರೆ ಕಾರು ಸುತ್ತುತ್ತದೆ. ಶಾನ್ ಕಾರು ನಿಲ್ಲಿಸುವ ಕಟ್ಟಡದ ಕಂಬಗಳಿಗೆ ಗುದ್ದುತ್ತಾ ಗುದ್ದುತ್ತಾ ಕಲಿಯುವುದು ಇದನ್ನೇ. ಬಂದರಿನಲ್ಲಿ ಅವನು ಅಭ್ಯಾಸ ಮಾಡುವಾಗ ಮೀನು ಹಿಡಿಯುತ್ತಾ ಕುಳಿತು ಅಣಕಿಸುವ ವ್ಯಕ್ತಿ ಕೇಯಿಚಿ ತ್ಸುಚಿಯಾ. ಜಪಾನಿನಲ್ಲಿ ‘ಡ್ರಿಫ್ಟ್ ಕಿಂಗ್’ ಎಂದೇ ಹೆಸರಾದವರು, ಚಿತ್ರಕ್ಕೆ ಸಲಹೆಗಾರರೂ ಹೌದು. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ ಕಾರುಗಳನ್ನು ಈ ಚಿತ್ರಕ್ಕಾಗಿ ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವಂತೆ ಬದಲಿಸಿದ್ದರು.

ಎರಡನೇ ಗುರುತು: ಶಿಬುಯಾದಲ್ಲಿ ಹಾನ್‌ನ (ಸಂಗ್ ಕಾಂಗ್) ಕಿತ್ತಳೆ-ಕಪ್ಪು ಆರ್‌ಎಕ್ಸ್-7 ಇನ್ನೊಂದು ಕಾರಿಗೆ ಸಿಕ್ಕು ಮಗುಚಿ ಸ್ಫೋಟಿಸುತ್ತದೆ. ಯಾವಾಗಲೂ ಏನಾದರೂ ಮೆಲ್ಲುತ್ತಿರುವ, ಯಾವುದಕ್ಕೂ ಅವಸರಪಡದ ಹಾನ್ ಈ ಚಿತ್ರದ ಜೀವ. ಜನರಿಗೆ ಅವನು ಎಷ್ಟು ಇಷ್ಟವಾದನೆಂದರೆ ಮುಂದಿನ ಮೂರು ಚಿತ್ರಗಳ ಕಾಲವನ್ನೇ ಹಿಂದಕ್ಕೆ ತಳ್ಳಿ ಅವನನ್ನು ಬದುಕಿಸಿಕೊಂಡರು.

ಕೊನೆಯ ದೃಶ್ಯ ತಪ್ಪಿಸಬೇಡಿ. ಶಾನ್‌ಗೆ ಸವಾಲು ಹಾಕಲು ಬರುವವನು ಡಾಮ್. ಆ ಒಂದು ನಿಮಿಷದ ಪಾತ್ರಕ್ಕೆ ವಿನ್ ಡೀಸೆಲ್ ಹಣದ ಬದಲು ರಿಡಿಕ್ ಎಂಬ ತಮ್ಮ ಇನ್ನೊಂದು ಪಾತ್ರದ ಹಕ್ಕುಗಳನ್ನು ಸ್ಟುಡಿಯೊದಿಂದ ಪಡೆದರು. ಮುಂದಿನದ್ದಕ್ಕೆಲ್ಲ ಬಾಗಿಲು ತೆರೆದದ್ದು ಆ ಒಪ್ಪಂದ.

ಹಂತ 4: 2009ರ ಚಿತ್ರದಲ್ಲಿ ಎರಡು ವಿಷಯ ಮಾತ್ರ ಹಿಡಿದಿಟ್ಟುಕೊಳ್ಳಿ

ಡಾಮ್, ಬ್ರಯನ್, ಮಿಯಾ, ಲೆಟ್ಟಿ ಎಲ್ಲರೂ ಮರಳಿದರು, ಗಳಿಕೆ 36 ಕೋಟಿ ಡಾಲರಿಗೆ ಏರಿತು. ಮಂಕಾದ, ಸಿಡುಕಿನ ಚಿತ್ರ. ಗಡಿಯ ಸುರಂಗದೊಳಗಿನ ಬೆನ್ನಟ್ಟುವಿಕೆ ಕಂಪ್ಯೂಟರಿನಲ್ಲಿ ಮಾಡಿದ್ದೆಂದು ಎದ್ದು ಕಾಣುತ್ತದೆ. ಆರಂಭದ ಇಂಧನ ಟ್ಯಾಂಕರ್ ದರೋಡೆ ಚೆನ್ನಾಗಿದೆ. ಅದರಲ್ಲಿ ಹಾನ್ ನಗುತ್ತಾ ಕಾಣಿಸಿಕೊಳ್ಳುತ್ತಾನೆ, ಟೋಕಿಯೊಗೆ ಹೋಗುವ ಮಾತಾಡುತ್ತಾನೆ. ಕಾಲ ಹಿಂದಕ್ಕೆ ಸರಿದದ್ದಕ್ಕೆ ಚಿತ್ರ ಕೊಡುವ ವಿವರಣೆ ಅಷ್ಟೇ. ಇನ್ನೊಂದು, ಲೆಟ್ಟಿಯ ಸಾವು. ಅದನ್ನು ನಾವು ನೇರವಾಗಿ ಕಾಣುವುದಿಲ್ಲ, ಕೇಳುತ್ತೇವೆ, ಸುಟ್ಟ ಗುರುತುಗಳಿಂದ ಡಾಮ್ ಊಹಿಸುತ್ತಾನೆ. ಶವ ತೋರಿಸದ ಸಾವನ್ನು ಈ ಸರಣಿಯಲ್ಲಿ ನಂಬಬಾರದು ಎಂಬ ನಿಯಮವನ್ನು ಇಲ್ಲೇ ಕಲಿಯಿರಿ. ಖಳನ ಬಳಗದ ಗಿಸೆಲ್ ಪಾತ್ರದಲ್ಲಿ ಗಾಲ್ ಗಡೋಟ್ ಸಿನಿಮಾರಂಗಕ್ಕೆ ಕಾಲಿಟ್ಟದ್ದು ಈ ಚಿತ್ರದಿಂದ.

ಹಂತ 5: ಫಾಸ್ಟ್ ಫೈವ್‌ಗೆ ಒಂದು ಸಂಜೆ ಪೂರ್ತಿ ಬಿಡುವು ಮಾಡಿಕೊಳ್ಳಿ

ನನ್ನ ಮಟ್ಟಿಗೆ ಇದೇ ಶಿಖರ. ಬೀದಿ ರೇಸಿನ ಕಥೆಗೆ ಇಷ್ಟೇ ಪ್ರೇಕ್ಷಕರು ಎಂದು ಸ್ಟುಡಿಯೊಗೆ ಅರ್ಥವಾಗಿತ್ತು. ಹಾಗಾಗಿ ಬೇಕೆಂದೇ ಚಿತ್ರವನ್ನು ದರೋಡೆಯ ಕಥೆಯಾಗಿ ಮಾರ್ಪಡಿಸಿದರು. ಹಳೆಯ ಚಿತ್ರಗಳಿಂದ ಒಬ್ಬೊಬ್ಬರನ್ನೇ ಆರಿಸಿ ರಿಯೊ ಡಿ ಜನೈರೊದಲ್ಲಿ ಸೇರಿಸಿದರು: ಮಯಾಮಿಯಿಂದ ರೋಮನ್ ಮತ್ತು ಟೇಜ್, ಟೋಕಿಯೊದಿಂದ ಹಾನ್, ನಾಲ್ಕನೆಯದರಿಂದ ಗಿಸೆಲ್. ಒಂದಕ್ಕೊಂದು ಸಂಬಂಧವಿಲ್ಲದಂತಿದ್ದ ನಾಲ್ಕು ಚಿತ್ರಗಳು ಈ ಒಂದೇ ಏಟಿಗೆ ಒಂದು ಕಥೆಯಾದವು. ಬೆನ್ನಟ್ಟುವ ಅಧಿಕಾರಿ ಲ್ಯೂಕ್ ಹಾಬ್ಸ್ ಆಗಿ ಡ್ವೇನ್ ಜಾನ್ಸನ್ ಬಂದರು, ಡಾಮ್‌ಗೆ ಮೊದಲ ಬಾರಿಗೆ ತೂಕಕ್ಕೆ ತೂಕ ಎದುರಾಳಿ ಸಿಕ್ಕ. ಗಳಿಕೆ 62 ಕೋಟಿ ಡಾಲರ್ ದಾಟಿತು.

ಒಂದು ಪುಟ್ಟ ಕತ್ತರಿ ಪ್ರಯೋಗ ನೋಡಿ. ದರೋಡೆಗೆ ವೇಗದ ಕಾರು ಬೇಕಾಗಿ ಡಾಮ್ ಮತ್ತು ಬ್ರಯನ್ ರಿಯೊದ ಬೀದಿ ರೇಸಿಗೆ ಹೋಗುತ್ತಾರೆ. ಸಂಗೀತ, ಹುಡುಗಿಯರು, ತೆರೆದ ಬಾನೆಟ್‌ಗಳು, ಮೊದಲ ಚಿತ್ರದ ವಾತಾವರಣವೆಲ್ಲ ಇದೆ. ಸವಾಲು ಹಾಕುತ್ತಾರೆ. ಇನ್ನೇನು ರೇಸು ಶುರುವಾಗಬೇಕು, ಅಷ್ಟರಲ್ಲಿ ದೃಶ್ಯ ಕತ್ತರಿಸುತ್ತದೆ. ಮರುಕ್ಷಣ ಗೆದ್ದ ಪೋರ್ಷೆಯೊಂದಿಗೆ ಗ್ಯಾರೇಜಿಗೆ ಬರುತ್ತಾರೆ. ರೇಸನ್ನು ತೋರಿಸುವುದೇ ಇಲ್ಲ! ಬೀದಿ ರೇಸಿಗೆ ಸರಣಿ ವಿದಾಯ ಹೇಳಿದ್ದು ಇಷ್ಟು ಸದ್ದಿಲ್ಲದೆ. ಆ ಋಣ ತೀರಿಸುವಂತೆ ಸ್ವಲ್ಪ ಹೊತ್ತಿನ ನಂತರ ಕದ್ದ ನಾಲ್ಕು ಪೊಲೀಸ್ ಕಾರುಗಳಲ್ಲಿ ಗೆಳೆಯರೇ ಖಾಲಿ ರಸ್ತೆಯಲ್ಲಿ ಕಾಲು ಮೈಲಿ ಓಡುತ್ತಾರೆ.

ಮೂರನೇ ಗುರುತಾದ ಲೆಟ್ಟಿಯ ಸಾವು ಇಲ್ಲೇ ಬಿಚ್ಚಿಕೊಳ್ಳುತ್ತದೆ: ಕೊನೆಯ ಹೆಸರುಗಳ ನಡುವೆ ಬರುವ ದೃಶ್ಯದಲ್ಲಿ ಅವಳ ಚಿತ್ರ ಹಾಬ್ಸ್ ಕೈಸೇರುತ್ತದೆ. ನಾಲ್ಕನೇ ಗುರುತನ್ನು ಹಾಕಿಕೊಳ್ಳಬೇಕಾದದ್ದೂ ಇಲ್ಲೇ. ಖಳ ಹರ್ನಾನ್ ರೇಯಸ್‌ನ 10 ಕೋಟಿ ಡಾಲರ್ ಇರುವ ತಿಜೋರಿಯನ್ನು ಪೊಲೀಸ್ ಠಾಣೆಯ ಗೋಡೆ ಒಡೆದು, ಎರಡು ಡಾಡ್ಜ್ ಚಾರ್ಜರ್‌ಗಳಿಗೆ ಉಕ್ಕಿನ ಹಗ್ಗ ಕಟ್ಟಿ, ಊರ ತುಂಬ ಎಳೆದಾಡುತ್ತಾರೆ. ಭೌತಶಾಸ್ತ್ರ ಒಪ್ಪುವುದಿಲ್ಲ, ಕಣ್ಣು ಒಪ್ಪುತ್ತದೆ. ಒಪ್ಪಲು ಕಾರಣವಿದೆ. ಚಿತ್ರೀಕರಣಕ್ಕೆ ಹಲವು ತಿಜೋರಿಗಳನ್ನು ಕಟ್ಟಿದ್ದರು, ಅವುಗಳಲ್ಲಿ ಒಂದರ ಒಳಗೆ ಚಾಲಕ ಕುಳಿತು ಓಡಿಸುವ ವಾಹನವೇ ಇತ್ತು. ಅಂಗಡಿಗಳ ಮುಂಭಾಗಕ್ಕೆ ನುಗ್ಗುವ, ಕಾರುಗಳನ್ನು ಅಪ್ಪಚ್ಚಿ ಮಾಡುವ ಹೊಡೆತಗಳಲ್ಲಿ ಬಹಳಷ್ಟು ನಿಜವಾದವು. ತೆರೆಯ ಮೇಲೆ ಅದು ರಿಯೊ ಆದರೂ ಚಿತ್ರೀಕರಣದ ಹೆಚ್ಚಿನ ಭಾಗ ನಡೆದದ್ದು ಪೋರ್ಟೊ ರಿಕೊದಲ್ಲಿ. ಕೊನೆಯ ಸೇತುವೆಯ ಮೇಲೆ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ. ಹನ್ನೆರಡು ವರ್ಷಗಳ ನಂತರ ಅಲ್ಲಿಗೆ ಇನ್ನೊಬ್ಬ ಬರುತ್ತಾನೆ.

ಹಂತ 6: ಆರು ಮತ್ತು ಏಳನ್ನು ಬೆನ್ನುಬೆನ್ನಿಗೆ ನೋಡಿ

ಆರನೆಯದರಲ್ಲಿ ಲೆಟ್ಟಿ ಮರಳುತ್ತಾಳೆ, ನೆನಪು ಕಳೆದುಕೊಂಡು, ಓವನ್ ಶಾ (ಲ್ಯೂಕ್ ಇವಾನ್ಸ್) ಎಂಬ ಖಳನ ಬಳಗದಲ್ಲಿ. ಮರೆವಿನ ತಂತ್ರವನ್ನು ನಮ್ಮ ಧಾರಾವಾಹಿಗಳೂ ಇಷ್ಟು ಧೈರ್ಯದಿಂದ ಬಳಸುವುದಿಲ್ಲ. ಹೆದ್ದಾರಿಯಲ್ಲಿ ಯುದ್ಧ ಟ್ಯಾಂಕು ಕಾರುಗಳನ್ನು ಅರೆಯುವ ದೃಶ್ಯಕ್ಕೆ ಕ್ಯಾನರಿ ದ್ವೀಪಗಳ ಟೆನೆರಿಫೆಯಲ್ಲಿ ನಿಜವಾದ ಟ್ಯಾಂಕನ್ನೇ ಓಡಿಸಿದರು. ಆದರೆ ಡಾಮ್ ಸೇತುವೆಯ ಈಚೆಯಿಂದ ಹಾರಿ, ಆಚೆಯಿಂದ ಎಸೆಯಲ್ಪಟ್ಟ ಲೆಟ್ಟಿಯನ್ನು ಗಾಳಿಯಲ್ಲೇ ಹಿಡಿಯುವ ಕ್ಷಣದಲ್ಲಿ ಸರಣಿ ಗುರುತ್ವಾಕರ್ಷಣೆಯೊಂದಿಗಿನ ಒಪ್ಪಂದವನ್ನು ಹರಿದುಹಾಕಿತು.

ಕೊನೆಯ ರನ್‌ವೇ ದೃಶ್ಯಕ್ಕೆ ಗಡಿಯಾರ ಹಿಡಿದು ಕುಳಿತುಕೊಳ್ಳಿ. ಸರಕು ವಿಮಾನ ನೆಲದ ಮೇಲೆ ಹತ್ತು ನಿಮಿಷಕ್ಕೂ ಹೆಚ್ಚು ಓಡುತ್ತದೆ. ಗಂಟೆಗೆ 160 ಕಿಲೋಮೀಟರ್ ಎಂದು ಕಡಿಮೆ ಲೆಕ್ಕ ಹಿಡಿದರೂ 26 ಕಿಲೋಮೀಟರ್ ಮೀರುತ್ತದೆ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇ 4 ಕಿಲೋಮೀಟರ್.

ಗಿಸೆಲ್ ಅಲ್ಲಿ ಕತ್ತಲೊಳಗೆ ಬೀಳುತ್ತಾಳೆ. ಶವ ತೋರಿಸುವುದಿಲ್ಲ. ಹೆಸರುಗಳ ನಡುವಿನ ದೃಶ್ಯದಲ್ಲಿ ಎರಡನೇ ಗುರುತು ಬಿಚ್ಚಿಕೊಳ್ಳುತ್ತದೆ: ಶಿಬುಯಾದಲ್ಲಿ ಹಾನ್‌ಗೆ ಗುದ್ದಿದ ಕಾರಿನಿಂದ ಇಳಿಯುವವನು ಓವನ್‌ನ ಅಣ್ಣ ಡೆಕರ್ಡ್ ಶಾ (ಜೇಸನ್ ಸ್ಟೇಥಮ್). ಏಳು ವರ್ಷ ಅಪಘಾತವಾಗಿದ್ದದ್ದು ಕೊಲೆಯಾಯಿತು. ಏಳನೆಯದರಲ್ಲಿ ಡಾಮ್ ಟೋಕಿಯೊಗೆ ಹೋಗಿ ಶಾನ್‌ನನ್ನು ಭೇಟಿಯಾಗುವುದು ಕಥೆಯ ಪ್ರಕಾರ ಟೋಕಿಯೊ ಡ್ರಿಫ್ಟ್ ಮುಗಿದ ರಾತ್ರಿಯೇ. ಒಂದು ಶಾಟ್‌ನಲ್ಲಿ ಶಾಲಾ ಹುಡುಗನಾಗಿದ್ದ ಲೂಕಸ್ ಬ್ಲ್ಯಾಕ್ ಮುಂದಿನ ಶಾಟ್‌ನಲ್ಲಿ ಒಂಬತ್ತು ವರ್ಷ ದೊಡ್ಡವರಾಗಿರುತ್ತಾರೆ. ಇಡೀ ಸರಣಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ತೇಪೆ ಇದು. ಮುಚ್ಚಲು ಯಾರೂ ಪ್ರಯತ್ನಿಸಿಯೇ ಇಲ್ಲ.

ಏಳನೇ ಚಿತ್ರದ ಚಿತ್ರೀಕರಣದ ನಡುವೆ, 2013ರ ನವೆಂಬರ್ 30ರಂದು, ಪಾಲ್ ವಾಕರ್ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಿಟಾದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಅವರು ಪಕ್ಕದ ಸೀಟಿನಲ್ಲಿದ್ದರು. ಕೆಲಸ ನಿಂತಿತು, ಕಥೆ ತಿದ್ದಿದರು. ಬ್ರಯನ್‌ನನ್ನು ಕೊಲ್ಲುವುದು ಸುಲಭವಿತ್ತು. ನಿರ್ದೇಶಕ ಜೇಮ್ಸ್ ವಾನ್ ಮತ್ತು ತಂಡ ಅದನ್ನು ಮಾಡಲಿಲ್ಲ, ಹೆಂಡತಿ ಮಕ್ಕಳೊಂದಿಗೆ ಇರಲು ಅವನು ಈ ಬದುಕನ್ನು ಬಿಡುವಂತೆ ಮಾಡಿದರು. ಉಳಿದ ದೃಶ್ಯಗಳಿಗೆ ವಾಕರ್ ಅವರ ತಮ್ಮಂದಿರಾದ ಕೇಲೆಬ್ ಮತ್ತು ಕೋಡಿ ನಿಂತರು, ಅವರ ಮೇಲೆ ವೆಟಾ ಡಿಜಿಟಲ್ ಸಂಸ್ಥೆ ಅಣ್ಣನ ಮುಖವನ್ನು ಮೂಡಿಸಿತು, ಹಳೆಯ ಚಿತ್ರಗಳ ತುಣುಕುಗಳನ್ನೂ ಬಳಸಿದರು. ಮೊದಲ ಸಲ ನೋಡುವಾಗ ಯಾವುದು ಅಸಲಿ, ಯಾವುದು ಅಲ್ಲ ಎಂದು ಹುಡುಕಲು ಹೋಗಬೇಡಿ. ಕೊನೆಯಲ್ಲಿ ಬ್ರಯನ್ ಓಡಿಸುವ ಬಿಳಿ ಸುಪ್ರಾ ವಾಕರ್ ಅವರ ಸ್ವಂತ ಸಂಗ್ರಹದ್ದು. ಡಾಮ್‌ನ ಚಾರ್ಜರ್ ಪಕ್ಕದಲ್ಲಿ ಸ್ವಲ್ಪ ದೂರ ಬಂದು, ರಸ್ತೆ ಕವಲೊಡೆದಲ್ಲಿ ಬೇರೆಯಾಗುತ್ತದೆ. ಈ ಸರಣಿಯನ್ನು ಹಂಗಿಸುವವರೂ ಇಲ್ಲಿ ಸುಮ್ಮನಾಗುವುದನ್ನು ಕಂಡಿದ್ದೇನೆ.

ಚಿತ್ರ 150 ಕೋಟಿ ಡಾಲರ್ ದಾಟಿತು, ಸರಣಿಯಲ್ಲೇ ಅತಿ ಹೆಚ್ಚು. ಸಾಹಸದಲ್ಲೂ ಸತ್ವವಿದೆ. ವಿಮಾನದಿಂದ ಕಾರುಗಳು ಬೀಳುವ ದೃಶ್ಯಕ್ಕೆ ನಿಜವಾಗಿಯೇ ಕಾರುಗಳನ್ನು ಬೀಳಿಸಿ, ಜತೆಗೆ ಹಾರಿದ ಸ್ಕೈಡೈವರ್‌ಗಳು ಕ್ಯಾಮೆರಾ ಹಿಡಿದರು. ಅಬುಧಾಬಿಯ ಎತಿಹಾದ್ ಗೋಪುರಗಳ ನಡುವೆ ಹಾರುವ ಕೆಂಪು ಲೈಕನ್ ಹೈಪರ್‌ಸ್ಪೋರ್ಟ್ ಮಾತ್ರ ಜಗತ್ತಿನಲ್ಲಿ ಏಳೇ ಏಳು ತಯಾರಾದ ಕಾರು, ಚಿತ್ರಕ್ಕೆ ಬಳಸಿದ್ದು ಪ್ರತಿಕೃತಿಗಳನ್ನು. ಅಬುಧಾಬಿ ಭಾಗದಲ್ಲಿ ನಮ್ಮ ಅಲಿ ಫಜಲ್ ಕೂಡ ಕಾಣಿಸಿಕೊಳ್ಳುತ್ತಾರೆ.

ಹಂತ 7: ಎಂಟನೆಯದನ್ನು ಹವಾನಾ ತನಕ ನೋಡಿ, ಉಳಿದದ್ದು ನಿಮ್ಮಿಷ್ಟ

ಎಫ್. ಗ್ಯಾರಿ ಗ್ರೇ ನಿರ್ದೇಶನದ ಎಂಟನೇ ಚಿತ್ರ ಕ್ಯೂಬಾದ ಹವಾನಾದಲ್ಲಿ ಒಂದು ಅಪ್ಪಟ ಬೀದಿ ರೇಸಿನಿಂದ ಆರಂಭವಾಗುತ್ತದೆ. ಹಳೆಯ ಕಾರು, ಸಮುದ್ರದ ದಂಡೆ, ಹಿಮ್ಮುಖವಾಗಿ ಓಡುತ್ತಲೇ ಗೆಲ್ಲುವ ಡಾಮ್. ಬಹಳ ದಿನಗಳ ನಂತರ ಮನೆಗೆ ಬಂದಂತಾಗುತ್ತದೆ. ಆಮೇಲೆ ಸೈಫರ್ (ಚಾರ್ಲೀಜ್ ಥೆರಾನ್) ಎಂಬ ಹ್ಯಾಕರ್, ನ್ಯೂಯಾರ್ಕಿನಲ್ಲಿ ಚಾಲಕರಿಲ್ಲದೆ ಓಡುವ ಕಾರುಗಳ ಹಿಂಡು, ಹಿಮಗಟ್ಟಿದ ನೀರಿನ ಮೇಲೆ ಜಲಾಂತರ್ಗಾಮಿ. ಐಸ್‌ಲ್ಯಾಂಡಿನ ಮಂಜುಗಡ್ಡೆಯ ಮೇಲೆ ಕಾರುಗಳನ್ನು ನಿಜವಾಗಿ ಓಡಿಸಿದ್ದಾರೆ, ಕಟ್ಟಡದಿಂದ ಕಾರುಗಳನ್ನು ನಿಜವಾಗಿ ಬೀಳಿಸಿದ್ದಾರೆ. ಆದರೂ ನನಗೆ ಒಂದು ಕೊರಗು. ಹಾನ್‌ನನ್ನು ಕೊಂದ ಡೆಕರ್ಡ್ ಶಾನನ್ನು ಇದೇ ಚಿತ್ರ ತಮಾಷೆಯ ಗೆಳೆಯನನ್ನಾಗಿ ಮಾಡಿ, ಕುಟುಂಬದ ಊಟಕ್ಕೇ ಕರೆದು ಕೂರಿಸುತ್ತದೆ. ಕುಟುಂಬ ಕುಟುಂಬ ಎಂದು ಹದಿನಾರು ವರ್ಷ ಜಪಿಸಿದವರಿಗೆ ಇದು ತಪ್ಪೆನಿಸಲಿಲ್ಲ. ಹಾನ್‌ಗೆ ನ್ಯಾಯ ಬೇಕೆಂದು ಅಭಿಮಾನಿಗಳು ಕೂಗೆಬ್ಬಿಸಿದ್ದು ಸರಿಯಾಗಿಯೇ ಇತ್ತು.

ಇದೇ ಹೊತ್ತಿಗೆ ಡೀಸೆಲ್-ಜಾನ್ಸನ್ ಮನಸ್ತಾಪ ಬಯಲಾಯಿತು. ಈ ಚಿತ್ರದಲ್ಲಿ ತಾವಿಬ್ಬರೂ ಜತೆಯಾಗಿ ಚಿತ್ರೀಕರಣ ಮಾಡಲೇ ಇಲ್ಲ ಎಂದು ಜಾನ್ಸನ್ ನಂತರ ಹೇಳಿದರು. ಅದು ಗೊತ್ತಿದ್ದು ನೋಡಿದರೆ ದೃಶ್ಯಗಳ ಜೋಡಣೆ ಬೇರೆಯೇ ಕಾಣುತ್ತದೆ. ಹಾಬ್ಸ್ ಮತ್ತು ಶಾ ಇಬ್ಬರ ಪ್ರತ್ಯೇಕ ಚಿತ್ರವನ್ನು ಬಿಟ್ಟರೂ ಮುಖ್ಯ ಕಥೆಗೆ ತೊಂದರೆಯಿಲ್ಲ.

ಹಂತ 8: ಒಂಬತ್ತು ಮತ್ತು ಹತ್ತರಲ್ಲಿ ಹಳೆಯ ಗುರುತುಗಳಿಗೆ ಮರಳಿ

ಎಫ್9 ನೋಡುವ ಮುನ್ನ ಮೊದಲ ಚಿತ್ರದ ಗ್ಯಾರೇಜಿನ ದೃಶ್ಯವನ್ನು ಇನ್ನೊಮ್ಮೆ ಹಾಕಿಕೊಳ್ಳಿ. ಎಫ್9 ಆರಂಭವಾಗುವುದು 1989ರಲ್ಲಿ, ಡಾಮ್‌ನ ತಂದೆ ಸಾಯುವ ಆ ರೇಸಿನಲ್ಲಿ. ಪಕ್ಕದಲ್ಲಿ ಜೇಕಬ್ ಎಂಬ ತಮ್ಮ ನಿಂತಿದ್ದಾನೆ! ದೊಡ್ಡವನಾದ ಜೇಕಬ್ ಜಾನ್ ಸೀನಾ. ಇಪ್ಪತ್ತು ವರ್ಷ ಒಂದೇ ಒಂದು ಸಲವೂ ಹೆಸರೆತ್ತದ ತಮ್ಮ. ಹಾನ್ ಕೂಡ ಬದುಕಿ ಬರುತ್ತಾನೆ, ಅವನ ಸಾವು ನಟನೆಯಾಗಿತ್ತಂತೆ. ಮರಳಿ ಬಂದ ಜಸ್ಟಿನ್ ಲಿನ್ ಹಾನ್‌ಗೆ ಬಾಕಿಯಿದ್ದ ನ್ಯಾಯವನ್ನು ಹೀಗೆ ಒದಗಿಸಿದರು. ಬಾಹ್ಯಾಕಾಶದ ಭಾಗಕ್ಕೆ ಸಿದ್ಧರಾಗಿರಿ. ರೋಮನ್ ಈ ಚಿತ್ರದಲ್ಲಿ ತಾವೆಲ್ಲ ಇಷ್ಟು ಸಲ ಗಾಯವೂ ಆಗದೆ ಪಾರಾದದ್ದು ಹೇಗೆಂದು ಗಂಭೀರವಾಗಿ ಅನುಮಾನಿಸುತ್ತಾನೆ. ಸರಣಿ ತನ್ನನ್ನೇ ನೋಡಿ ನಗಲು ಕಲಿತದ್ದು ಒಳ್ಳೆಯದೇ, ಆದರೆ ಆ ನಗುವಿನಿಂದ ಅಪಾಯದ ಭಾವನೆಯೂ ಹೊರಟುಹೋಯಿತು. ಕೊನೆಯ ಊಟದ ವೇಳೆಗೆ ನೀಲಿ ನಿಸಾನ್ ಕಾರೊಂದು ಬಂದು ನಿಲ್ಲುತ್ತದೆ. ಕಥೆಯೊಳಗೆ ಬ್ರಯನ್ ಇನ್ನೂ ಇದ್ದಾನೆ.

ಫಾಸ್ಟ್ ಎಕ್ಸ್ ಚಿತ್ರೀಕರಣ ಶುರುವಾದ ಕೆಲವೇ ದಿನಗಳಲ್ಲಿ ಲಿನ್ ಹೊರನಡೆದರು, ಲೂಯಿ ಲೆಟೆರಿಯೆ ಬಂದರು. ಇದಕ್ಕೂ ಮುನ್ನ ಫಾಸ್ಟ್ ಫೈವ್‌ನ ತಿಜೋರಿ ದೃಶ್ಯವನ್ನು ಮತ್ತೆ ನೋಡಿ. ಹೊಸ ಚಿತ್ರ ಅದನ್ನೇ ಮರುಪ್ರದರ್ಶಿಸುತ್ತದೆ, ಆದರೆ ಸೇತುವೆಯ ಮೇಲೆ ಈಗ ರೇಯಸ್‌ನ ಮಗ ಡಾಂಟೆ (ಜೇಸನ್ ಮೊಮೋವಾ) ಇದ್ದಾನೆ. ಹಳೆಯ ತುಣುಕು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಗುತ್ತದೆ ಎಂದು ಹುಡುಕುವುದು ಒಳ್ಳೆಯ ಆಟ. ಮೊಮೋವಾ ಇಡೀ ಚಿತ್ರವನ್ನು ಹೆಗಲ ಮೇಲೆ ಹೊತ್ತಿದ್ದಾರೆ. ರೋಮ್ ನಗರದಲ್ಲಿ ಉರುಳುವ ದೈತ್ಯ ಬಾಂಬಿನ ದೃಶ್ಯ, ಹಳೆಯ ತಿಜೋರಿಯ ದೃಶ್ಯದ ಪಕ್ಕದಲ್ಲಿಟ್ಟರೆ, ಹಗುರವೆನಿಸುತ್ತದೆ. ಸುಮಾರು 34 ಕೋಟಿ ಡಾಲರ್ ವೆಚ್ಚವಾಯಿತೆಂದು ವರದಿಯಾದ ಚಿತ್ರ ಗಳಿಸಿದ್ದು ಸುಮಾರು 70 ಕೋಟಿ. ಅಣೆಕಟ್ಟೊಂದರ ಬುಡದಲ್ಲಿ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಅಷ್ಟರಲ್ಲಿ ಶವ ತೋರಿಸದಿದ್ದ ಗಿಸೆಲ್ ಜಲಾಂತರ್ಗಾಮಿಯಿಂದ ಮೇಲೆದ್ದು ಬಂದಿರುತ್ತಾಳೆ.

ಸಮಯವಿಲ್ಲದವರಿಗೆ

ಎಲ್ಲವನ್ನೂ ನೋಡಲಾಗದಿದ್ದರೆ 1, 3, 5, 6, 7 ಈ ಐದು ಸಾಕು. ನಾಲ್ಕನೆಯದರ ಬದಲಿಗೆ ಮೇಲೆ ಬರೆದ ಎರಡು ಸಂಗತಿ ನೆನಪಿದ್ದರೆ ಕೆಲಸ ನಡೆಯುತ್ತದೆ. ಎರಡೇ ರಾತ್ರಿ ಇದ್ದರೆ ಒಂದು ಮತ್ತು ಐದು. ಮನೆಯಲ್ಲಿ ಕಾರುಗಳ ಮೋಹವಿರುವ ಹದಿಹರೆಯದವರಿದ್ದರೆ ಟೋಕಿಯೊ ಡ್ರಿಫ್ಟ್‌ನಿಂದಲೇ ಶುರುಮಾಡಿ, ಹಿಂದಿನ ಕಥೆ ಏನೂ ಗೊತ್ತಿರಬೇಕಿಲ್ಲ. ಐದು, ಆರು, ಹತ್ತು ಈ ಮೂರರಲ್ಲಿ ಹೆಸರುಗಳು ಓಡಲು ಶುರುವಾದ ಕೂಡಲೇ ಟಿವಿ ಆರಿಸಬೇಡಿ. ಒಟಿಟಿಯಲ್ಲಿ ನೋಡುವವರು ಮುಂದಿನ ಚಿತ್ರಕ್ಕೆ ತಾನಾಗಿಯೇ ಜಿಗಿಯುವ ಸೌಲಭ್ಯವನ್ನು ಮೊದಲೇ ನಿಲ್ಲಿಸಿಕೊಂಡಿರಿ, ಇಲ್ಲವಾದರೆ ಲೆಟ್ಟಿ ಬದುಕಿರುವ ಸುಳಿವು, ಡೆಕರ್ಡ್ ಶಾನ ಪ್ರವೇಶ, ಹಾಬ್ಸ್‌ನ ಮರುಪ್ರವೇಶ ಮೂರೂ ಕೈತಪ್ಪುತ್ತವೆ.